ಬೈಕಿಗೆ ಗುಪ್ತ ಟ್ರ್ಯಾಕರ್: ಕೊಳ್ಳುವ ಮುನ್ನ ಗಾಡಿ ರಾತ್ರಿ ನಿಲ್ಲುವ ಜಾಗ ನೋಡಿ

ಬೆಂಗಳೂರಿನಲ್ಲಿ ಬೈಕ್ ಕೊಂಡವರಲ್ಲಿ ಬಹುಪಾಲು ಜನರಿಗೆ ಅದನ್ನು ಬೀಗದೊಳಗೆ ನಿಲ್ಲಿಸುವ ಜಾಗವಿರುವುದಿಲ್ಲ. ಮನೆಯ ಮುಂದಿನ ರಸ್ತೆಯಲ್ಲೋ, ಪೀಜಿಯ ಗೇಟಿನ ಹೊರಗೋ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೋ ಅದು ರಾತ್ರಿ ಕಳೆಯುತ್ತದೆ; ಹ್ಯಾಂಡಲ್ ಲಾಕ್ ಎಂಬುದು ಬಲವಾಗಿ ಒದ್ದರೆ ಮುರಿಯುವ ವಸ್ತು ಎಂಬುದು ಕಳ್ಳರಿಗೂ ಗೊತ್ತು, ಮೆಕ್ಯಾನಿಕ್‌ಗಳಿಗೂ ಗೊತ್ತು. ಹಾಗಾಗಿ ಟ್ರ್ಯಾಕರ್ ಹಾಕಿಸುವ ಯೋಚನೆ ಸಹಜವೇ. ಆದರೆ ಟ್ರ್ಯಾಕರ್ ಕಳ್ಳತನವನ್ನು ತಡೆಯುವುದಿಲ್ಲ, ಕಳುವಾದ ಗಾಡಿ ಎಲ್ಲಿದೆ ಎಂದು ಹೇಳುತ್ತದೆ ಅಷ್ಟೆ. ತಡೆಯುವ ಕೆಲಸಕ್ಕೆ ಒಂದು ಒಳ್ಳೆಯ ಡಿಸ್ಕ್ ಲಾಕ್ ಅಥವಾ ಕಂಬಕ್ಕೆ ಬಿಗಿಯುವ ಸರಪಳಿ ಬೇಕು. ಅದಿಲ್ಲದೆ ಟ್ರ್ಯಾಕರ್‌ಗೆ ಹಣ ಹಾಕುವುದು ಬಾಗಿಲಿಗೆ ಚಿಲಕವಿಲ್ಲದ ಮನೆಗೆ ಕ್ಯಾಮೆರಾ ತಂದಂತೆ.

ಮಾರುಕಟ್ಟೆಯಲ್ಲಿ ಟ್ರ್ಯಾಕರ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸಾಧನಗಳು ಸಿಗುತ್ತವೆ. ಒಂದು ಬ್ಲೂಟೂತ್ ಟ್ಯಾಗ್, ಅಂದರೆ ಆ್ಯಪಲ್‌ನ ಏರ್‌ಟ್ಯಾಗ್, ಸ್ಯಾಮ್‌ಸಂಗ್‌ನ ಸ್ಮಾರ್ಟ್‌ಟ್ಯಾಗ್ ಮುಂತಾದವು. ಇವುಗಳಲ್ಲಿ ಸಿಮ್ ಇರುವುದಿಲ್ಲ. ಹತ್ತಿರ ಹಾದುಹೋಗುವ ಅದೇ ಬಳಗದ ಫೋನುಗಳು ಟ್ಯಾಗಿನ ಸುಳಿವನ್ನು ಹಿಡಿದು ಮಾಲೀಕನಿಗೆ ಮುಟ್ಟಿಸುತ್ತವೆ. ಗುಂಡಿಯಾಕಾರದ ಒಂದು ಬ್ಯಾಟರಿ ಏರ್‌ಟ್ಯಾಗನ್ನು ಸುಮಾರು ಒಂದು ವರ್ಷ ನಡೆಸುತ್ತದೆ, ತಿಂಗಳ ಖರ್ಚಿಲ್ಲ, ವೈರ್ ಎಳೆಯಬೇಕಿಲ್ಲ. ತೊಡಕು ಇರುವುದು ಬೇರೆ ಕಡೆ. ಮನುಷ್ಯರನ್ನು ಗುಟ್ಟಾಗಿ ಹಿಂಬಾಲಿಸಲು ಇವನ್ನು ಬಳಸಬಾರದು ಎಂಬ ಕಾರಣಕ್ಕೆ, ಅಪರಿಚಿತ ಟ್ಯಾಗೊಂದು ತನ್ನ ಜೊತೆ ಚಲಿಸುತ್ತಿದೆ ಎಂದು ಐಫೋನ್ ತನ್ನ ಬಳಕೆದಾರನನ್ನು ಎಚ್ಚರಿಸುತ್ತದೆ, 2023ರಿಂದ ಆಂಡ್ರಾಯ್ಡ್ ಫೋನುಗಳೂ ಎಚ್ಚರಿಸುತ್ತಿವೆ. ಆ ಬಳಕೆದಾರ ನಿಮ್ಮ ಗಾಡಿಯ ಮೇಲೆ ಕುಳಿತ ಕಳ್ಳನೇ ಆಗಿದ್ದರೂ ಫೋನು ಭೇದ ಮಾಡುವುದಿಲ್ಲ. ಆದ್ದರಿಂದ ಟ್ಯಾಗನ್ನು ಎರಡನೆಯ ಸಾಧನವಾಗಿ ಇಟ್ಟುಕೊಳ್ಳಬಹುದೇ ಹೊರತು ಅದೊಂದನ್ನೇ ನಂಬಬಾರದು.

ಎರಡನೆಯದು ಸಿಮ್ ಇರುವ ಜಿಪಿಎಸ್ ಟ್ರ್ಯಾಕರ್. ಇದು ಉಪಗ್ರಹಗಳ ಸಂಕೇತದಿಂದ ತನ್ನ ಜಾಗವನ್ನು ತಾನೇ ಲೆಕ್ಕ ಹಾಕಿ, ಮೊಬೈಲ್ ನೆಟ್‌ವರ್ಕಿನ ಮೂಲಕ ಸರ್ವರ್‌ಗೆ ಕಳುಹಿಸುತ್ತದೆ. ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಸಾಧನವು 2ಜಿಯೋ 4ಜಿಯೋ ಎಂಬುದು. ಅಗ್ಗದ ಎಷ್ಟೋ ಸಾಧನಗಳು 2ಜಿ ಮಾತ್ರ ಬಲ್ಲವು, ಜಿಯೋ ಜಾಲದಲ್ಲಿ 2ಜಿ ಇಲ್ಲವೇ ಇಲ್ಲ. ಮನೆಯಲ್ಲಿ ಬಿದ್ದಿದ್ದ ಜಿಯೋ ಸಿಮ್ ಹಾಕಿ, ಸಾಧನವೇ ಕೆಟ್ಟಿದೆ ಎಂದು ಅಂಗಡಿಗೆ ಮರಳಿಸಲು ಬಂದವರನ್ನು ನಾನೇ ಕಂಡಿದ್ದೇನೆ. ಇಂದು ಕೊಳ್ಳುವವರು 4ಜಿ ಸಾಧನವನ್ನೇ, ಸಿಗ್ನಲ್ ಕುಗ್ಗಿದಾಗ 2ಜಿಗೂ ಇಳಿಯಬಲ್ಲದ್ದನ್ನು ಕೊಳ್ಳುವುದು ಲೇಸು. ಕಂಪನಿಯೇ ಸಿಮ್ ಸೇರಿಸಿ ಕೊಡುವುದಾದರೆ ಅದು 13 ಅಂಕಿಗಳ ಸಂಖ್ಯೆಯ, ಯಂತ್ರಗಳಿಗೆಂದೇ ಕೊಡುವ (ಎಂ2ಎಂ) ಸಿಮ್ ಆಗಿರಬಹುದು; ಅದರ ರೀಚಾರ್ಜ್ ನಿಮ್ಮ ಕೈಯಲ್ಲಿದೆಯೋ ಕಂಪನಿಯ ಕೈಯಲ್ಲಿದೆಯೋ, ರಾಜ್ಯದ ಹೊರಗೂ ನಡೆಯುತ್ತದೆಯೋ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಅತ್ತಿಬೆಲೆ ದಾಟಿದರೆ ತಮಿಳುನಾಡು, ಹೊಸೂರಿಗೆ ಇಲ್ಲಿಂದ ಸುಮಾರು 40 ಕಿಲೋಮೀಟರ್. ನೀವು ಬೆಳಿಗ್ಗೆ ಎದ್ದು ಕಾಫಿ ಕುಡಿಯುವ ಹೊತ್ತಿಗೆ ಗಾಡಿ ಗಡಿ ದಾಟಿರಬಹುದು.

ಗಾಡಿ ಬೇಸ್‌ಮೆಂಟಿನಲ್ಲಿ ನಿಲ್ಲುವುದಾದರೆ ಒಂದು ಪರೀಕ್ಷೆ ಮಾಡಿ. ನಿಮ್ಮ ಬೈಕಿನ ಪಕ್ಕದಲ್ಲಿ ನಿಂತು, ಟ್ರ್ಯಾಕರ್‌ಗೆ ಹಾಕಲಿರುವ ಕಂಪನಿಯದೇ ಸಿಮ್ ಇರುವ ಫೋನಿನಿಂದ ಮನೆಗೆ ಕರೆ ಮಾಡಿ ನೋಡಿ. ಕರೆ ಹೋಗದಿದ್ದರೆ, ಗಾಡಿ ಅಲುಗಾಡಿದ ಕ್ಷಣದ ಎಚ್ಚರಿಕೆಯೂ ನಿಮಗೆ ತಲುಪದು. ಕಳ್ಳ ಇಳಿಜಾರನ್ನು ಹತ್ತಿ ರಸ್ತೆಗೆ ಬಂದ ಮೇಲಷ್ಟೇ ಸುದ್ದಿ ಬರುತ್ತದೆ. ಸಿಗ್ನಲ್ ಇಲ್ಲದಾಗ ಸಂಗ್ರಹಿಸಿಟ್ಟುಕೊಂಡ ಜಾಗಗಳನ್ನು ನೆಟ್‌ವರ್ಕ್ ಸಿಕ್ಕೊಡನೆ ಕಳುಹಿಸುವ ಸಾಧನವೇ ಇಂಥವರಿಗೆ ಬೇಕು.

ಬ್ಯಾಟರಿಯ ವಿಚಾರವನ್ನು ಅಂಗಡಿಯವರು ಎರಡು ಮಾತಿನಲ್ಲಿ ಮುಗಿಸುತ್ತಾರೆ, ನಾನು ಅಷ್ಟು ಬೇಗ ಮುಗಿಸಲಾರೆ. ಟ್ರ್ಯಾಕರ್ ಗಾಡಿಯ 12 ವೋಲ್ಟ್ ಬ್ಯಾಟರಿಯಿಂದ ಹಗಲೂ ರಾತ್ರಿಯೂ ವಿದ್ಯುತ್ ಹೀರುತ್ತದೆ, ಕಾರಿನಂತೆ ಬೈಕಿನಲ್ಲಿ ದೊಡ್ಡ ಬ್ಯಾಟರಿ ಇರುವುದಿಲ್ಲ. ಸಾಮಾನ್ಯ 125 ಸಿಸಿ ಗಾಡಿಯ ಬ್ಯಾಟರಿ 4 ಆಂಪಿಯರ್-ಅವರ್ ಇದೆ ಎಂದುಕೊಳ್ಳಿ. ನಿದ್ರೆಯ ಸ್ಥಿತಿಯಲ್ಲಿ 25 ಮಿಲಿಆಂಪಿಯರ್ ಎಳೆಯುವ ಸಾಧನವು ದಿನಕ್ಕೆ 0.6 ಆಂಪಿಯರ್-ಅವರ್ ತಿನ್ನುತ್ತದೆ. ನಾಲ್ಕನೆಯ ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿ, ಒಂದು ವಾರಕ್ಕೆ ಪೂರ್ತಿ ಖಾಲಿ. ಅದೇ 3 ಮಿಲಿಆಂಪಿಯರ್ ಎಳೆಯುವ ಸಾಧನವಾದರೆ ದಿನಕ್ಕೆ 0.07ರಷ್ಟು, ಹತ್ತು ದಿನಕ್ಕೂ ಒಂದು ಆಂಪಿಯರ್-ಅವರ್ ಮುಟ್ಟದು. ದಸರೆಗೆಂದು ಊರಿಗೆ ಹೋಗಿ ಹನ್ನೊಂದನೆಯ ದಿನ ಮರಳಿದ ನನಗೆ ಈ ಲೆಕ್ಕ ಪಾಠವಾಯಿತು: ಕೀಲಿ ತಿರುಗಿಸಿದರೆ ಮೀಟರಿನ ದೀಪ ಕೂಡ ಹೊತ್ತಲಿಲ್ಲ, ಕಿಕ್ಕರ್ ಇಲ್ಲದ ಗಾಡಿಯನ್ನು ಮೆಕ್ಯಾನಿಕ್ ಅಂಗಡಿಯವರೆಗೆ ತಳ್ಳಬೇಕಾಯಿತು. ಆದುದರಿಂದ ಪೆಟ್ಟಿಗೆಯ ಮೇಲಿನ ಉಳಿದೆಲ್ಲ ಹೊಗಳಿಕೆಗಿಂತ ಮೊದಲು ನಿದ್ರಾಸ್ಥಿತಿಯ ವಿದ್ಯುತ್ ಬಳಕೆ ಎಷ್ಟೆಂದು ಓದಿ. ಬರೆದಿಲ್ಲದಿದ್ದರೆ ಆ ಸಾಧನವನ್ನು ಬಿಟ್ಟುಬಿಡಿ. ಜೊತೆಗೆ ಸಾಧನದೊಳಗೆ ಅದರದೇ ಒಂದು ಸಣ್ಣ ಬ್ಯಾಟರಿ ಇರಲೇಬೇಕು. ಕಳ್ಳ ಗಾಡಿಯ ಬ್ಯಾಟರಿಯ ವೈರನ್ನು ಕಿತ್ತರೆ, ಕಿತ್ತ ಸುದ್ದಿಯನ್ನು ನಿಮಗೆ ಮುಟ್ಟಿಸಿ, ಇನ್ನೂ ಕೆಲವು ಗಂಟೆ ಜಾಗ ತಿಳಿಸುವುದು ಈ ಒಳಬ್ಯಾಟರಿಯೇ.

ಇನ್ನು ಅಡಗಿಸುವ ಜಾಗ. ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ನನಗೆ ಹಾಕಿಕೊಟ್ಟ ಹುಡುಗ, ಸೀಟು ಎತ್ತಿ, ಟೂಲ್‌ಕಿಟ್ ಪಕ್ಕದಲ್ಲಿ ಸಾಧನವನ್ನು ಎರಡು ಕೇಬಲ್ ಟೈನಿಂದ ಬಿಗಿದು, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದ. ಕಳ್ಳ ಮೊದಲು ಕೈ ಹಾಕುವುದೂ ಅಲ್ಲಿಗೇ. ರಾತ್ರಿ ಮನೆಯ ಮುಂದೆ ದೀಪ ಆರಿಸಿ ನೋಡಿದರೆ, ಸೀಟಿನ ಸಂದಿಯಿಂದ ಹಸಿರು ದೀಪವೊಂದು ಮಿಣುಕುತ್ತಾ, ನಾನಿಲ್ಲಿದ್ದೇನೆ ಎಂದು ಬೀದಿಗೆಲ್ಲ ಸಾರುತ್ತಿತ್ತು! ಮರುದಿನ ಪರಿಚಯದ ಮೆಕ್ಯಾನಿಕ್‌ನಿಂದ ಅದನ್ನು ಹಿಂಬದಿಯ ಪ್ಲಾಸ್ಟಿಕ್ ಪ್ಯಾನೆಲ್ಲಿನ ಒಳಮೈಗೆ ಬದಲಾಯಿಸಿ, ದೀಪದ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿಸಿದೆ. ಜಾಗ ಆರಿಸುವಾಗ ನೆನಪಿಡಬೇಕಾದ್ದು ಇಷ್ಟು: ಪ್ಲಾಸ್ಟಿಕ್ ಉಪಗ್ರಹದ ಸಂಕೇತವನ್ನು ಬಿಡುತ್ತದೆ, ಲೋಹ ಬಿಡುವುದಿಲ್ಲ, ಹಾಗಾಗಿ ಪೆಟ್ರೋಲ್ ಟ್ಯಾಂಕಿನ ಕೆಳಗೆ ಸಿಕ್ಕಿಸಿದರೆ ಚೆನ್ನಾಗಿ ಅಡಗುತ್ತದೆ, ಆದರೆ ನಕ್ಷೆಯಲ್ಲಿ ಗಾಡಿ ಪಕ್ಕದ ಬೀದಿಯಲ್ಲಿ ತೋರುತ್ತದೆ. ಆಂಟೆನಾ ಇರುವ ಬದಿ ಆಕಾಶದ ಕಡೆಗಿರಬೇಕು, ಇಂಜಿನ್ ಮತ್ತು ಸೈಲೆನ್ಸರಿನ ಕಾವು ತಗುಲಬಾರದು. ಹೆಡ್‌ಲೈಟಿನ ಹಿಂದಿನ ಕವಚ, ಟೈಲ್ ಪ್ಯಾನೆಲ್, ಸ್ಕೂಟರಾದರೆ ಮುಂಬದಿಯ ಏಪ್ರನ್ ಒಳಗೆ, ಅಂದರೆ ಸ್ಕ್ರೂಡ್ರೈವರ್ ಇಲ್ಲದೆ ಕೈ ತಲುಪದ ಜಾಗಗಳು ಒಳ್ಳೆಯವು. ನಮ್ಮ ಮಳೆಗೆ ತಡೆಯಲು ಐಪಿ67 ದರ್ಜೆಯ, ಅಂದರೆ ದೂಳೂ ನೀರೂ ಒಳಗಿಳಿಯದ ಸಾಧನ ಬೇಕು; ವಾಟರ್ ವಾಶ್‌ನ ರಭಸದ ನೀರಿಗೆ ಆ ದರ್ಜೆಯೊಂದೇ ಖಾತ್ರಿಯಲ್ಲ, ಐಪಿ66 ಎಂದೂ ಬರೆದಿರಬೇಕು. ‘ಈ ಗಾಡಿಗೆ ಜಿಪಿಎಸ್ ಇದೆ’ ಎಂಬ ಸ್ಟಿಕ್ಕರನ್ನು ಕೆಲವರು ಅಂಟಿಸುತ್ತಾರೆ. ಹುಡುಕು ಎಂದು ಕಳ್ಳನಿಗೆ ಹೇಳಿಕೊಟ್ಟಂತೆ ಎಂಬುದು ನನ್ನ ಅಭಿಪ್ರಾಯ.

ವೈರನ್ನು ಕತ್ತರಿಸಿ ಜೋಡಿಸುವವರಿಗಿಂತ ಕಪ್ಲರ್ ಬಳಸಿ ಜೋಡಿಸುವವರನ್ನು ಹುಡುಕಿ, ಪ್ಲಸ್ ವೈರಿಗೆ ಸಣ್ಣ ಫ್ಯೂಸ್ ಹಾಕಿಸಿ. ಕಂಪನಿಯ ವೈರಿಂಗ್ ಕತ್ತರಿಸಿದ್ದು ಕಂಡರೆ ಸರ್ವಿಸ್ ಸೆಂಟರಿನವರು ವಾರಂಟಿಯ ಮಾತೆತ್ತುವುದುಂಟು.

ಫೋನಿನಿಂದಲೇ ಇಂಜಿನ್ ನಿಲ್ಲಿಸುವ ರಿಲೇ ಇರುವ ಸಾಧನಗಳನ್ನು ಮಾರುವವರು ಬಹಳ ಉತ್ಸಾಹದಿಂದ ತೋರಿಸುತ್ತಾರೆ. ನಾನು ಬೇಡವೆನ್ನುತ್ತೇನೆ. ಓಡುತ್ತಿರುವ ಗಾಡಿಯ ಇಂಜಿನ್ ಹೊರ ವರ್ತುಲ ರಸ್ತೆಯ ನಡುವೆ ಸತ್ತರೆ ಹಿಂದೆ ಬರುವ ಬಸ್ಸಿಗೆ ಸವಾರ ಕಳ್ಳನೋ ಮಾಲೀಕನೋ ಎಂಬುದು ಗೊತ್ತಾಗುವುದಿಲ್ಲ. ಆ ಗುಂಡಿ ನಿಮ್ಮ ಕೈಯಲ್ಲಿ ಮಾತ್ರ ಇರುತ್ತದೆ ಎಂಬ ಖಾತ್ರಿಯೂ ಇಲ್ಲ. 2022ರ ಜುಲೈನಲ್ಲಿ ಮೈಕೋಡಸ್ ಕಂಪನಿಯ ಎಂವಿ720 ಎಂಬ ಟ್ರ್ಯಾಕರಿನಲ್ಲಿ ಹೊರಗಿನವರು ಹಿಡಿತ ಸಾಧಿಸಬಹುದಾದ ದೋಷಗಳಿವೆ ಎಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ ಎಚ್ಚರಿಸಿತ್ತು. ಅದೂ ಇಂಧನ ಕಡಿತದ ಸೌಲಭ್ಯವಿದ್ದ ಸಾಧನವೇ. ಯಾವ ಟ್ರ್ಯಾಕರ್ ತಂದರೂ 123456 ಎಂಬ ಮೂಲ ಪಾಸ್‌ವರ್ಡನ್ನು ಅಂಗಡಿಯಲ್ಲಿ ನಿಂತಲ್ಲೇ ಬದಲಾಯಿಸಿ.

ರಾತ್ರಿ ಎರಡು ಗಂಟೆಗೆ ಬರುವ ಆ್ಯಪ್ ಸೂಚನೆಯನ್ನು ಯಾರೂ ನೋಡುವುದಿಲ್ಲ, ಆದ್ದರಿಂದ ಗಾಡಿ ಅಲುಗಾಡಿದಾಗ ಫೋನಿಗೆ ಕರೆಯನ್ನೇ ಮಾಡುವ ಸಾಧನ ಆರಿಸಿ. ಅಲುಗಾಟದ ಸೂಕ್ಷ್ಮತೆಯನ್ನು ಹೆಚ್ಚು ಕಡಿಮೆ ಮಾಡಲು ಬರಬೇಕು. ಇಲ್ಲದಿದ್ದರೆ ಸೀಟಿನ ಮೇಲೆ ಮಲಗುವ ಬೆಕ್ಕು, ಮೆಟ್ರೊ ನಿಲ್ದಾಣದ ಪಾರ್ಕಿಂಗಿನಲ್ಲಿ ತಮ್ಮ ಗಾಡಿ ತೂರಿಸಲು ನಿಮ್ಮದನ್ನು ಸರಿಸುವವರು ದಿನಕ್ಕೆ ನಾಲ್ಕು ಸಲ ನಿಮ್ಮನ್ನು ಬೆಚ್ಚಿಬೀಳಿಸಿ, ಹದಿನೈದು ದಿನಕ್ಕೆ ನೀವೇ ಎಚ್ಚರಿಕೆಯನ್ನು ನಿಲ್ಲಿಸಿಬಿಡುತ್ತೀರಿ. ಬೆಲೆ ಹೋಲಿಸುವಾಗ ಸಾಧನದ ಬೆಲೆಯ ಜೊತೆ ಎರಡನೆಯ ವರ್ಷದಿಂದ ಕಟ್ಟಬೇಕಾದ ವಾರ್ಷಿಕ ಶುಲ್ಕವನ್ನೂ ಕೂಡಿಸಿ ನೋಡಿ.

ಗಾಡಿ ಕಳುವಾದರೆ ನಕ್ಷೆ ಹಿಡಿದು ನೀವೇ ಬೆನ್ನಟ್ಟಬೇಡಿ. 112ಕ್ಕೆ ಕರೆ ಮಾಡಿ, ಗಾಡಿಯ ಈಗಿನ ಜಾಗ ತೋರಿಸುವ ಕೊಂಡಿಯನ್ನು ಪೊಲೀಸರಿಗೆ ಕೊಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಮಾಹಿತಿ ಕೊಡಬಹುದು, ವಿದ್ಯುನ್ಮಾನ ರೂಪದಲ್ಲಿಯೂ ಕೊಡಬಹುದು; ಹಾಗೆ ಕೊಟ್ಟರೆ 3 ದಿನದೊಳಗೆ ಸಹಿ ಮಾಡಬೇಕು. ಆರ್‌ಸಿ, ಚಾಸಿ ಮತ್ತು ಇಂಜಿನ್ ಸಂಖ್ಯೆಗಳ ಫೋಟೊ ಮನೆಯವರ ಫೋನಿನಲ್ಲಿಯೂ ಇರಲಿ. ವಿಮಾ ಕಂಪನಿಗೆ ಅದೇ ದಿನ ತಿಳಿಸಿ. ಥರ್ಡ್ ಪಾರ್ಟಿ ವಿಮೆ ಕಳ್ಳತನಕ್ಕೆ ಬಾರದು, ಸಮಗ್ರ ವಿಮೆ ಇದ್ದವರಿಂದ ಗಾಡಿಯ ಎರಡೂ ಕೀಲಿಗಳನ್ನು ಕೇಳುತ್ತಾರೆ, ಹಾಗಾಗಿ ಎರಡನೆಯ ಕೀಲಿ ಎಲ್ಲಿದೆ ಎಂದು ಇವತ್ತೇ ಹುಡುಕಿಡಿ.