ಭರಣಿಯ ವೈನ್ ಹಡಗು ಹತ್ತುವುದಿಲ್ಲ

ಕ್ರೂಸ್ ಟಿಕೆಟ್ ಬುಕ್ ಆಯಿತು ಅಂದರೆ ಸಾಕು, ನಮ್ಮ ಪರಿಚಯದವರಲ್ಲಿ ಯಾರಾದರೊಬ್ಬರು ನನಗೆ ಫೋನ್ ಮಾಡುತ್ತಾರೆ. "ಆಂಟಿ, ನಿಮ್ಮ ಮನೆಯ ದ್ರಾಕ್ಷಿ ವೈನ್ ಎರಡು ಬಾಟಲಿ ಕೊಡ್ತೀರಾ? ಹಡಗಿನಲ್ಲಿ ಎಲ್ಲರೂ ಕೂತು ಕುಡಿಯೋಣ ಅಂತ." ಮನೆಗೆ ಬನ್ನಿ, ಊಟಕ್ಕೆ ಕೂರಿ, ಎಷ್ಟು ಬೇಕೋ ಅಷ್ಟು ಬಡಿಸುತ್ತೇನೆ, ಹಡಗಿಗೆ ಮಾತ್ರ ಕೊಡುವುದಿಲ್ಲ ಅನ್ನುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. ಯಾಕೆ ಬೇಡ ಅನ್ನುತ್ತೇನೆ ಅಂತ ಒಮ್ಮೆ ಬಿಡಿಸಿ ಹೇಳಿಬಿಡೋಣ ಅನ್ನಿಸಿತು.

ನಮ್ಮದು ಮಂಗಳೂರು ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆ ನಿಂತ ಕುಟುಂಬ. ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬ, ಮುಗಿಯುತ್ತಿದ್ದ ಹಾಗೆ ರಸೆಲ್ ಮಾರ್ಕೆಟ್ಟಿಗೆ ಹೋಗಿ ದ್ರಾಕ್ಷಿ ತರುವುದು ನಮ್ಮತ್ತೆಯ ಕಾಲದಿಂದ ಬಂದ ಪದ್ಧತಿ. ಬೀಜವಿರುವ, ಸಿಪ್ಪೆ ದಪ್ಪಗಿರುವ, ಮೂಗಿಗೆ ಹಿಡಿದರೆ ಘಮ್ಮೆನ್ನುವ ನೀಲಿ ದ್ರಾಕ್ಷಿಯೇ ಆಗಬೇಕು. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಇದೇ ಬೆಂಗಳೂರು ನೀಲಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ತೊಳೆದು, ನೀರಿನ ಪಸೆ ಒಂದಿಷ್ಟೂ ಉಳಿಯದಂತೆ ಬಟ್ಟೆಯ ಮೇಲೆ ಆರಿಸಿ, ಕೈಯಲ್ಲಿ ಹಿಸುಕಿ ಭರಣಿಗೆ ಹಾಕುವುದು. ಕೆ.ಜಿ.ಗೆ ಮುಕ್ಕಾಲು ಕೆ.ಜಿ. ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಚಿಟಿಕೆ ಈಸ್ಟ್, ನಾಲ್ಕು ಲವಂಗ, ಒಂದು ತುಂಡು ಚಕ್ಕೆ. ಬಾಯಿಗೆ ಬಟ್ಟೆ ಕಟ್ಟಿ, ದಿನಾ ಒಣಗಿದ ಮರದ ಸೌಟಿನಲ್ಲಿ ತಿರುವಿ, 21ನೇ ದಿನ ಸೋಸಿ, ತಂಪು ಜಾಗದಲ್ಲಿ ಇಟ್ಟರೆ ಕ್ರಿಸ್ಮಸ್ ಹೊತ್ತಿಗೆ ತಿಳಿಯಾಗುತ್ತದೆ.

ಈ ಲೆಕ್ಕದಲ್ಲೇ ಅಪಾಯವೂ ಅಡಗಿದೆ. ನಾವು ಹಾಕುವ ಸಕ್ಕರೆಯನ್ನೆಲ್ಲ ಈಸ್ಟ್ ತಿಂದು ಮುಗಿಸುವುದಿಲ್ಲ. ಮನೆಯ ವೈನ್ ಸಿಹಿಯಾಗಿರುವುದು ಅದಕ್ಕೇ. ಸಕ್ಕರೆ ಉಳಿದಿದೆ, ಈಸ್ಟ್ ತಳದ ಗಷ್ಟಿನಲ್ಲಿ ಜೀವ ಹಿಡಿದು ಮಲಗಿದೆ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಸುಮ್ಮನಿರುವ ಅದು, ಮುಂಬೈಯಲ್ಲೋ ಸಿಂಗಪುರದಲ್ಲೋ ಸೆಕೆ ತಾಗಿದ ಕೂಡಲೇ ಏಳುತ್ತದೆ. ಒಂದು ಟೀ ಚಮಚದಷ್ಟು, ಅಂದರೆ ನಾಲ್ಕೈದು ಗ್ರಾಂ ಸಕ್ಕರೆ ಹುದುಗಿದರೂ ಒಂದು ಲೀಟರಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಬಿಗಿಯಾಗಿ ಮುಚ್ಚಿದ ಮುಕ್ಕಾಲು ಲೀಟರ್ ಬಾಟಲಿಯಲ್ಲಿ ಅದು ಎಲ್ಲಿಗೆ ಹೋಗಬೇಕು? ಕಾರ್ಕನ್ನು ತಳ್ಳುತ್ತದೆ, ಇಲ್ಲವೇ ಗಾಜನ್ನು ಒಡೆಯುತ್ತದೆ. ಶಾಂಪೇನ್ ಬಾಟಲಿಯ ಗಾಜು ಅಷ್ಟು ದಪ್ಪ ಇರುವುದು, ಕಾರ್ಕಿಗೆ ತಂತಿ ಬಿಗಿಯುವುದು ಇದೇ ಒತ್ತಡ ತಡೆಯಲಿಕ್ಕೆ. ಹಳೆಯ ಸ್ಕ್ವಾಶ್ ಬಾಟಲಿಗೆ ಆ ಶಕ್ತಿ ಇಲ್ಲ.

ಇದು ನನಗೆ ಗೊತ್ತಾದದ್ದು ದುಬಾರಿ ಬೆಲೆ ತೆತ್ತು. ನಮ್ಮ ಮದುವೆಗೆ 40 ವರ್ಷ ತುಂಬಿದಾಗ ಮಗ ಸಿಂಗಪುರದಿಂದ ನಾಲ್ಕು ರಾತ್ರಿಯ ಕ್ರೂಸ್ ಬುಕ್ ಮಾಡಿಸಿದ. ಮದುವೆಯ ದಿನ ಅತ್ತೆ ಕೊಟ್ಟದ್ದು ಭರಣಿಯ ವೈನ್, ಹಡಗಿನಲ್ಲೂ ಅದೇ ಇರಲಿ ಅಂತ ಎರಡು ಬಾಟಲಿ ತುಂಬಿ, ಕಾರ್ಕಿಗೆ ಮೇಣ ಹಚ್ಚಿ, ಸೂಟ್‌ಕೇಸಿನ ನಡುವೆ ಸೀರೆಗಳಲ್ಲಿ ಸುತ್ತಿ ಇಟ್ಟೆ. ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡ ಆರೇಳು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟೇ. ಲಗೇಜ್ ಇಡುವ ಕೆಳಗಿನ ಭಾಗದಲ್ಲೂ ಹಾಗೆಯೇ. ಬೆಂಗಳೂರಿನಿಂದ ಬಾಟಲಿಯನ್ನು ಒಂದೆರಡು ಗಂಟೆಯಲ್ಲಿ ಮುಳ್ಳಯ್ಯನಗಿರಿಯ ತುದಿಗೆ ಒಯ್ದಿಟ್ಟಂತೆ ಅಂತ ತಿಳಿಯಿರಿ. ಹೊರಗಿನ ಒತ್ತಡ ಇಳಿದಷ್ಟೂ ಒಳಗಿನದು ಜೋರಾಗುತ್ತದೆ. ಹೋಟೆಲಿನಲ್ಲಿ ಸೂಟ್‌ಕೇಸ್ ತೆಗೆದಾಗ ಮೊದಲು ಬಂದದ್ದು ವಾಸನೆ. ಒಂದು ಬಾಟಲಿಯ ಕಾರ್ಕ್ ಹಾರಿ ಸೀರೆಯ ಮಡಿಕೆಯೊಳಗೆ ಸಿಕ್ಕಿಕೊಂಡಿತ್ತು. ಆನಿವರ್ಸರಿಗೆ ಉಡಬೇಕೆಂದು ತಂದ ಕೆನೆ ಬಣ್ಣದ ಮೈಸೂರು ಸಿಲ್ಕಿನ ಸೆರಗಿನಿಂದ ನೆರಿಗೆಯವರೆಗೆ ನೇರಳೆ ಹರಡಿತ್ತು.

ಆ ಗಾಬರಿಯಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಬಾತ್‌ರೂಮಿನ ಸೋಪು ತೆಗೆದುಕೊಂಡು ಉಜ್ಜಿದೆ. ಕಣ್ಣೆದುರೇ ನೇರಳೆ ಕಲೆ ನೀಲಿಗೆ ತಿರುಗಿ, ಅಂಚಿನಲ್ಲಿ ಹಸಿರು ಛಾಯೆ ಬಂತು. ದ್ರಾಕ್ಷಿಯ ಸಿಪ್ಪೆಯಲ್ಲಿರುವ ಬಣ್ಣಕ್ಕೆ ಆಂಥೋಸಯನಿನ್ ಅಂತ ಹೆಸರು. ಹುಳಿ ಸಿಕ್ಕರೆ ಕೆಂಪಾಗುತ್ತದೆ, ಕ್ಷಾರ ಸಿಕ್ಕರೆ ನೀಲಿ, ಹಸಿರು ಆಗುತ್ತದೆ. ದಾಸವಾಳದ ರಸಕ್ಕೆ ಸೋಪಿನ ನೀರು ಬಿದ್ದರೆ ಬಣ್ಣ ಬದಲಾಗುವುದನ್ನು ಮಕ್ಕಳು ಶಾಲೆಯಲ್ಲಿ ಮಾಡಿ ನೋಡಿರುತ್ತಾರೆ. ರೇಷ್ಮೆಗೆ ವೈನ್ ಬಿದ್ದರೆ ಉಜ್ಜಲೇಬೇಡಿ. ಬಿಳಿ ಹತ್ತಿ ಬಟ್ಟೆ ಮಡಚಿ ಮೇಲಿನಿಂದ ಒತ್ತಿ ಒತ್ತಿ ಹೀರಿಸಿ. ಬಟ್ಟೆಯ ಜಾಗ ಬದಲಿಸುತ್ತಾ ಹೋಗಿ. ಆಮೇಲೆ ತಣ್ಣೀರು, ಅದಕ್ಕೆ ಕೆಲವೇ ಹನಿ ಬಿಳಿ ವಿನೆಗರ್, ಮೊದಲು ಸೆರಗಿನ ಒಳಮಡಿಕೆಯಲ್ಲಿ ಒಂದು ಚುಕ್ಕೆ ಹಚ್ಚಿ ಸೀರೆಯ ಬಣ್ಣ ಬಿಡುವುದಿಲ್ಲ ಅಂತ ನೋಡಿಕೊಂಡು ಅದ್ದಿ ಒತ್ತಿ. ಬಿಸಿನೀರು, ಇಸ್ತ್ರಿ ಎರಡೂ ಬೇಡ, ಕಲೆ ಕೂತುಬಿಡುತ್ತದೆ. ಮಿಕ್ಕದ್ದನ್ನು ಡ್ರೈ ಕ್ಲೀನರ್‌ಗೆ ಬಿಡಿ, ಏನು ಬಿದ್ದದ್ದು ಅಂತ ಬಾಯಿ ಬಿಟ್ಟು ಹೇಳಿ ಕೊಡಿ. ಹತ್ತಿ ಬಟ್ಟೆಯ ಕಥೆ ಬೇರೆ. ಹಸಿ ಕಲೆಯ ಮೇಲೆ ಉಪ್ಪು ಸುರಿದು ಹೀರಿಸಿ, ಬಟ್ಟೆಯನ್ನು ಪಾತ್ರೆಯ ಬಾಯಿಗೆ ಬಿಗಿಯಾಗಿ ಕಟ್ಟಿ, ಒಂದಡಿ ಎತ್ತರದಿಂದ ಕುದಿವ ನೀರು ಸುರಿದರೆ ಬಹುಮಟ್ಟಿಗೆ ಹೋಗುತ್ತದೆ. ನನ್ನ ಸಿಲ್ಕಿನ ನೀಲಿ ಮಾತ್ರ ಇಂದಿಗೂ ಹಾಗೇ ಇದೆ.

ಎರಡನೇ ಬಾಟಲಿ ಒಡೆಯದೆ ಉಳಿದಿತ್ತಲ್ಲ, ಅದನ್ನು ಕೈಚೀಲದಲ್ಲಿ ಹಿಡಿದು ಹಡಗಿನ ಬಾಗಿಲವರೆಗೂ ಹೋದೆ. ಎಕ್ಸ್‌ರೇ ಯಂತ್ರದ ಬೆಲ್ಟಿನಿಂದ ನನ್ನ ಚೀಲವನ್ನು ಪಕ್ಕಕ್ಕೆ ತೆಗೆದರು. ಲೇಬಲ್ ಎಲ್ಲಿ ಅಂದರು. ಸೀಲ್ ಎಲ್ಲಿ ಅಂದರು. ಮನೆಯಲ್ಲಿ ಮಾಡಿದ್ದು ಅಂದೆ. ಆ ಹುಡುಗಿ ತುಂಬ ಮರ್ಯಾದೆಯಿಂದಲೇ ಮಾತಾಡಿದಳು, ಆದರೆ ಬಾಟಲಿ ವಾಪಸ್ ಬರಲಿಲ್ಲ. ನನ್ನವರು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ನೂರು ದಿನ ಕಾದ ವೈನು ಸಿಂಕಿಗೆ ಹೋಯಿತಲ್ಲ ಅನ್ನುವ ಸಂಕಟ ನಾಲ್ಕು ರಾತ್ರಿಯೂ ನನ್ನ ಜೊತೆಗಿತ್ತು.

ಆಮೇಲೆ ಯೋಚಿಸಿದಾಗ ಹಡಗಿನವರ ಮಾತು ಸರಿ ಅನ್ನಿಸಿತು. ಸಾವಿರಾರು ಜನರಿರುವ ಹಡಗು. ಒಬ್ಬರಿಗೆ ಹೊಟ್ಟೆ ಕೆಟ್ಟರೆ ಅದು ಉಳಿದವರಿಗೂ ಹಬ್ಬಬಹುದು. ಬಾಟಲಿಯೊಳಗೆ ಏನಿದೆ, ಎಷ್ಟು ಅಮಲಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅಮೆರಿಕದ ದೊಡ್ಡ ಕಂಪನಿಗಳಾದ ರಾಯಲ್ ಕೆರಿಬಿಯನ್, ಕಾರ್ನಿವಲ್‌ನಂಥವುಗಳಲ್ಲಿ ಹಡಗು ಹತ್ತುವ ದಿನ ವಯಸ್ಕರೊಬ್ಬರಿಗೆ 750 ಮಿ.ಲೀ.ನ ಒಂದು ಬಾಟಲಿ ವೈನ್ ಒಯ್ಯಲು ಬಿಡುತ್ತಾರೆ. ಅದು ಅಂಗಡಿಯ ಸೀಲ್ ಒಡೆಯದ ಬಾಟಲಿ ಆಗಿರಬೇಕು, ಕೈಚೀಲದಲ್ಲೇ ಇರಬೇಕು. ಸೂಟ್‌ಕೇಸಿನಲ್ಲಿಟ್ಟು ಕಳಿಸಿದರೆ ಸೂಟ್‌ಕೇಸೇ ನಿಮ್ಮ ಕೋಣೆಗೆ ತಡವಾಗಿ ಬರುತ್ತದೆ. ಊಟದ ಕೋಣೆಯಲ್ಲಿ ತೆರೆಸಿದರೆ ಕಾರ್ಕೇಜ್ ಅಂತ ಶುಲ್ಕ ಹಾಕುವುದೂ ಉಂಟು. ವಯಸ್ಸಿನ ಮಿತಿ ಹಡಗು ಹೊರಡುವ ದೇಶ ನೋಡಿಕೊಂಡು 18 ಅಥವಾ 21. ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ಟಿನ ಜೊತೆ ಬರುವ ಕಾಗದವನ್ನು ಮಕ್ಕಳ ಕೈಯಲ್ಲಿ ಓದಿಸಿ. ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಹೊರಡುವ ಹಡಗಿಗಾದರೆ ಹೊರಗಿನ ಮದ್ಯದ ಯೋಚನೆಯನ್ನೇ ಬಿಡಿ. ಲಕ್ಷದ್ವೀಪದಲ್ಲಿ ಬಂಗಾರಂ ದ್ವೀಪವೊಂದನ್ನು ಬಿಟ್ಟರೆ ಪಾನನಿಷೇಧ ಇದೆ, ದಡಕ್ಕಿಳಿಯುವಾಗ ಚೀಲದಲ್ಲಿ ಒಂದು ಹನಿಯೂ ಇರಬಾರದು.

ಮೌತ್‌ವಾಶ್ ಬಾಟಲಿಯಲ್ಲಿ, ಶಾಂಪೂ ಡಬ್ಬಿಯಲ್ಲಿ ತುಂಬಿ ಒಯ್ಯುವ ಉಪಾಯ ಹೇಳಿಕೊಡುವವರಿದ್ದಾರೆ. ದಯವಿಟ್ಟು ಬೇಡ. ಸಿಕ್ಕಿಬಿದ್ದರೆ ಅವಮಾನ, ಸಿಗದಿದ್ದರೆ ಶಾಂಪೂ ವಾಸನೆಯ ವೈನ್.

ಇನ್ನೊಂದು ಮಾತನ್ನು ಹಿರಿಯಳಾಗಿ ಮುಚ್ಚುಮರೆಯಿಲ್ಲದೆ ಹೇಳಬೇಕು. ಕರ್ನಾಟಕ ಅಬಕಾರಿ ಕಾಯ್ದೆ, 1965 ಅಂತ ಒಂದು ಕಾನೂನಿದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದನ್ನು ಅದು ಒಪ್ಪುವುದಿಲ್ಲ, ಮಾರುವುದನ್ನಂತೂ ಇಲ್ಲವೇ ಇಲ್ಲ. ನಮ್ಮ ಅಜ್ಜಿಯರ ಕಾಲದಿಂದ ಹಬ್ಬಕ್ಕೆ ಅಂತ ನಡೆದು ಬಂದಿರಬಹುದು, ಆದರೆ ದಾರಿಯಲ್ಲಿ ನಿಲ್ಲಿಸಿ ಕೇಳಿದರೆ ತೋರಿಸಲಿಕ್ಕೆ ನಮ್ಮ ಕೈಯಲ್ಲಿ ಬಿಲ್ಲಿಲ್ಲ, ಲೇಬಲ್ಲಿಲ್ಲ. ರಾಜ್ಯದ ಗಡಿ ದಾಟಿದರೆ ಅಲ್ಲಿಯ ಕಾನೂನು ಬೇರೆ. ನಮ್ಮ ಬೆಂಗಳೂರಿಗೆ ಸಮುದ್ರವಿಲ್ಲ, ಹಡಗು ಹತ್ತಬೇಕಾದರೆ ಸಾಮಾನ್ಯವಾಗಿ ಮೊದಲು ಗಡಿ ದಾಟಬೇಕು, ಇಲ್ಲವೇ ವಿಮಾನ ಹತ್ತಬೇಕು. ಭರಣಿಯ ವೈನ್ ಮನೆಯ ಹೊಸ್ತಿಲೊಳಗೇ ಇರಲಿ ಅಂತ ಒತ್ತಿ ಹೇಳುವುದು ಅದಕ್ಕೇ.

ಹಾಗಾದರೆ ಏನು ಒಯ್ಯಬೇಕು? ದೊಡ್ಡಬಳ್ಳಾಪುರ, ನಂದಿ ಬೆಟ್ಟದ ತಪ್ಪಲಿನಲ್ಲೇ ಒಳ್ಳೆಯ ವೈನರಿಗಳಿವೆ. ನಮ್ಮ ಮಣ್ಣಿನ ರುಚಿ ಬೇಕು ಅನ್ನುವವರು ಅಲ್ಲಿಯ ಒಂದು ಬಾಟಲಿ ಕೊಂಡು, ಬಿಲ್ಲನ್ನು ಪಾಸ್‌ಪೋರ್ಟಿನ ಜೊತೆ ಇಡಿ. ಕಾರ್ಕಿಗಿಂತ ತಿರುಪು ಮುಚ್ಚಳದ್ದೇ ವಾಸಿ, ಕಾರ್ಕ್ ತೆಗೆಯುವ ಚೂಪು ಸಾಮಾನನ್ನು ವಿಮಾನದ ಕೈಚೀಲದಲ್ಲಿ ಬಿಡುವುದಿಲ್ಲ. ಬಾಟಲಿಯೂ ವಿಮಾನದಲ್ಲಿ ಲಗೇಜಿಗೆ ಹೋಗಬೇಕು, ಹೊರದೇಶದ ವಿಮಾನದ ಕೈಚೀಲದಲ್ಲಿ 100 ಮಿ.ಲೀ.ಗಿಂತ ದೊಡ್ಡ ದ್ರವದ ಡಬ್ಬಿ ನಡೆಯುವುದಿಲ್ಲ. ಬಾಟಲಿಗೆ ಮೊದಲು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಟವೆಲ್ಲು, ಆಮೇಲೆ ಸೂಟ್‌ಕೇಸಿನ ನಟ್ಟನಡುವೆ. ರೇಷ್ಮೆ ಬೇರೆ ಸೂಟ್‌ಕೇಸಿನಲ್ಲಿ. ಇಳಿದ ಊರಿನಲ್ಲಿ ಅದನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡು ಹಡಗಿಗೆ ಹೋಗಿ. ಸಿಂಗಪುರಕ್ಕೆ ಹೊರಗಿನಿಂದ ಬರುವವರಿಗೆ 2 ಲೀಟರ್‌ವರೆಗೆ ಸುಂಕವಿಲ್ಲ, ಆದರೆ ಮಲೇಷ್ಯಾದಿಂದ ಬಂದಿಳಿದರೆ ಆ ವಿನಾಯ್ತಿ ಇಲ್ಲ. ಮಲೇಷ್ಯಾದ ಪಿನಾಂಗ್ ನೋಡಿಕೊಂಡು ಹಡಗಿನಲ್ಲಿ ವಾಪಸ್ ಬರುವವರು ಇದನ್ನು ನೆನಪಿಡಿ. ಮನೆಯಲ್ಲಿ ಮಾಡಿದ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು), ಚಕ್ಕುಲಿಯನ್ನೂ ಬಹಳಷ್ಟು ಹಡಗುಗಳು ಒಪ್ಪುವುದಿಲ್ಲ, ಅಂಗಡಿಯ ಸೀಲ್ ಮಾಡಿದ ಪೊಟ್ಟಣ ಆದರೆ ತೊಂದರೆಯಿಲ್ಲ.

ಮನೆಯಲ್ಲೇ ಇಡುವ ಬಾಟಲಿಗೂ ಒಂದು ಪರೀಕ್ಷೆ ಇದೆ. ಪ್ರವಾಸಕ್ಕೆ ಹೋಗಿ ಮನೆ ಬೀಗ ಹಾಕಿದಾಗ ಅಡುಗೆಮನೆಯ ಕಪಾಟಿನಲ್ಲಿ ಬಾಟಲಿ ಸಿಡಿದರೆ ಬಂದು ನೋಡುವವರೂ ಇಲ್ಲ. ಮಕ್ಕಳ ಹುಟ್ಟುಹಬ್ಬದ ಬಲೂನ್ ಒಂದನ್ನು ಬಾಟಲಿಯ ಬಾಯಿಗೆ ಹಾಕಿ, ರಬ್ಬರ್ ಬ್ಯಾಂಡ್ ಬಿಗಿದು, ಎರಡು ಮೂರು ದಿನ ಬೆಚ್ಚಗಿರುವ ಕಡೆ, ಫ್ರಿಜ್ಜಿನ ಮೇಲೆ ಇಡಿ. ಬಲೂನ್ ಜೋತುಕೊಂಡೇ ಇದ್ದರೆ ಹುದುಗು ಶಾಂತವಾಗಿದೆ. ನಿಧಾನಕ್ಕೆ ತಲೆ ಎತ್ತಿ ನಿಂತರೆ ಒಳಗೆ ಕೆಲಸ ನಡೆಯುತ್ತಿದೆ, ಇನ್ನೂ ಮುಚ್ಚಳ ಬಿಗಿಯಬೇಡಿ, ಬಟ್ಟೆ ಕಟ್ಟಿ ಬಿಡಿ. ಶಾಂತವಾದ ಬಾಟಲಿಯನ್ನೂ ಕಂಠದವರೆಗೆ ತುಂಬದೆ ಎರಡು ಬೆರಳು ಜಾಗ ಬಿಟ್ಟು ಫ್ರಿಜ್ಜಿನಲ್ಲಿಡಿ, ತಂಪಿನಲ್ಲಿ ಈಸ್ಟ್ ನಿದ್ದೆ ಮಾಡುತ್ತದೆ. ತಿಂಗಳು ಕಳೆದ ಮೇಲೆ ತಳದಲ್ಲಿ ಸಕ್ಕರೆ ಹರಳಿನಂಥದು ಕಂಡರೆ ಗಾಜಿನ ಚೂರು ಅಂತ ಹೆದರಿ ಚೆಲ್ಲಬೇಡಿ, ಅದು ದ್ರಾಕ್ಷಿಯದೇ ಹುಳಿ ತಂಪಿಗೆ ಹರಳುಗಟ್ಟಿದ್ದು. ಮೆಲ್ಲಗೆ ಬಗ್ಗಿಸಿ ಮೇಲಿನ ತಿಳಿ ತೆಗೆದುಕೊಳ್ಳಿ.

ಈಗ ನಮ್ಮ ಮನೆಯಲ್ಲಿ ಯಾರೇ ಹಡಗಿಗೆ ಹೊರಡಲಿ, ಹಿಂದಿನ ರಾತ್ರಿ ಎಲ್ಲರೂ ಇಲ್ಲಿ ಸೇರುತ್ತಾರೆ. ಸೂಟ್‌ಕೇಸುಗಳು ನಡುಮನೆಯಲ್ಲಿ ಸಾಲಾಗಿ ನಿಂತಿರುತ್ತವೆ. ಹಂದಿ ಸಾರು, ಸನ್ನಾಸ್ ಆದ ಮೇಲೆ ಅತ್ತೆಯ ಕಾಲದ ಪುಟ್ಟ ಲೋಟಗಳಲ್ಲಿ ಒಂದೊಂದು ಗುಟುಕು ಹಾಕುತ್ತೇನೆ. ಉಳಿದ ಬಾಟಲಿಯ ಮೇಲೆ ಪೆನ್ನಿನಲ್ಲಿ ವಾಪಸ್ ಬರುವ ತಾರೀಖು ಬರೆದು ಫ್ರಿಜ್ಜಿನ ಬಾಗಿಲಲ್ಲಿ ನಿಲ್ಲಿಸುತ್ತೇನೆ. ಈ ಬಾರಿ ಮೊಮ್ಮಗಳು ಗಂಡನ ಜೊತೆ ಹೊರಟಿದ್ದಾಳೆ, ಬಾಟಲಿಯ ಮೇಲೆ ಜನವರಿ 9 ಅಂತ ಬರೆದಿದ್ದೇನೆ.