ಹಳೇ ಫೋಟೋಗಳಿಗೆ ಆಧಾರ ಬರೆದಿಟ್ಟ ಬಗೆ

ನಮ್ಮದು ಚಿಂತಾಮಣಿ ಕಡೆ. ವಂಶವೃಕ್ಷ ಬರೆಯಲು ಕೂತಾಗ ಜಾಸ್ತಿ ತಲೆನೋವು ಕೊಟ್ಟಿದ್ದು ಫೋಟೋಗಳು. ಸುಮ್ನೆ ‘ಆಧಾರ: ಹಳೇ ಫೋಟೋ’ ಅಂತ ಬರೆದರೆ ಯಾವುದು, ಯಾರ ಮನೆಯದು ಅಂತ ಗೊತ್ತಾಗಬೇಕಲ್ವಾ? ಒಂದೇ ಮದುವೆ ಫೋಟೋ ಚಿಕ್ಕಪ್ಪನ ಮನೆಯಲ್ಲೂ ಇದೆ, ಅತ್ತೆ ಮನೆಯಲ್ಲೂ ಇದೆ. ಫೋಟೋ ಹಿಂಬದಿಯಲ್ಲಿ ಬರೆದ ಹೆಸರುಗಳು ಮಾತ್ರ ಬೇರೆ ಬೇರೆ!

ಈಗ ಪ್ರತಿಯೊಂದಕ್ಕೂ ಒಂದು ನಂಬರ್ ಕೊಟ್ಟಿದ್ದೇನೆ. ಎರಡು ಮನೆಯ ಪ್ರತಿಗಳಿಗೂ ಬೇರೆ ನಂಬರ್. ಹಿಂಬದಿಯ ಅಂಚಿನಲ್ಲಿ ಮೆತ್ತನೆ ಪೆನ್ಸಿಲ್‌ನಲ್ಲಿ ಬರೆದೆ. ಪೆನ್ನಿನ ಇಂಕು ಮುಂದಕ್ಕೆ ಇಳಿಯಬಹುದು. ಮುಂದೆ, ಹಿಂದೆ ಎರಡೂ ಕಡೆ 600 ಡಿಪಿಐನಲ್ಲಿ (ಅಂದರೆ ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದೆ.

ಫೋಟೋ ಮೇಲೆ ಇರುವುದು ಬೇರೆ, ಜನ ಹೇಳಿದ್ದು ಬೇರೆ. ಎರಡನ್ನೂ ಬೆರೆಸಲಿಲ್ಲ. ಹಿಂಬದಿಯ ಬರಹವನ್ನು ತಪ್ಪಿದ್ದರೂ ಇದ್ದಂತೆಯೇ ಇಳಿಸಿದೆ. “ಎಡಗಡೆ ಕೂತಿರೋದು ನಿಮ್ಮಜ್ಜಿ ಅಲ್ಲ ಕಣೋ, ಅವರ ತಂಗಿ” ಅಂದರು ದೊಡ್ಡಮ್ಮ. ಅದನ್ನು ಅವರ ಹೆಸರು, ಹೇಳಿದ ತಾರೀಖಿನ ಜೊತೆ ಬೇರೆ ಸಾಲಿನಲ್ಲಿ ಹಾಕಿದೆ.

ಒಂದರ ಹಿಂದೆ ಸ್ಟುಡಿಯೋ ಮುದ್ರೆ: ‘ಚಿಂತಾಮಣಿ, ಕೋಲಾರ ಜಿಲ್ಲೆ, ಮೈಸೂರು ರಾಜ್ಯ’. ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬಂದಿದ್ದು 1973ರ ನವೆಂಬರ್ 1ಕ್ಕೆ. ಹಾಗಂತ ಫೋಟೋ ಅದಕ್ಕೂ ಮುಂಚಿನದೇ ಅಂತ ಹೇಳಕ್ಕಾಗಲ್ಲ. ಹಳೇ ರಬ್ಬರ್ ಸ್ಟ್ಯಾಂಪನ್ನು ಯಾರು ತಕ್ಷಣ ಎಸೀತಾರೆ? ‘1973ಕ್ಕೆ ಮುಂಚೆ ಇರಬಹುದು, ನನ್ನ ಊಹೆ’ ಅಂತ ಬರೆದೆ. ಊರಿನ ವಿಳಾಸವನ್ನೂ ಮುದ್ರೆಯಲ್ಲಿದ್ದಂತೆ ಬಿಟ್ಟು, ಪಕ್ಕದಲ್ಲಿ ‘2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆ’ ಅಂತ ಸೇರಿಸಿದೆ.