ನೆಟ್ ವೈರ್ ಇಲ್ಲದ ಕಂಪ್ಯೂಟರ್

ಮುಂಬೈಯ ಕುರ್ಲಾ ಪೂರ್ವದಲ್ಲಿ, ಪುಟ ಜೋಡಿಸಿ ಅಚ್ಚಿಗೆ ಕೊಡುವ ನನ್ನ ಡಿಟಿಪಿ ಅಂಗಡಿಯಲ್ಲಿ ಮೂರು ಕಂಪ್ಯೂಟರ್ ಇವೆ. ಎರಡಕ್ಕೆ ಇಂಟರ್‌ನೆಟ್ ಇದೆ. ಮೂರನೆಯದರ ಹಿಂದೆ ನೆಟ್ ವೈರ್ ಸಿಕ್ಕಿಸುವ ತೂತಿಗೆ ಟೇಪ್ ಅಂಟಿಸಿಬಿಟ್ಟಿದ್ದೇನೆ, ಹುಡುಗರು ಮರೆತು ಚುಚ್ಚಬಾರದು ಎಂದು. ಅದರಲ್ಲಿ ಇರುವುದು ವಿಂಡೋಸ್ ಎಕ್ಸ್‌ಪಿ, ಪುಟ ಜೋಡಿಸುವ ಪೇಜ್‌ಮೇಕರ್ 7, ಚಿತ್ರ ಬಿಡಿಸುವ ಕೋರೆಲ್ ಡ್ರಾ 12, ಕನ್ನಡ ಟೈಪಿಂಗಿಗೆ ನುಡಿ, ಶ್ರೀಲಿಪಿ. ಮತ್ತೆ ಇಸ್ಪೀಟು ಆಟ. ಅಂಗಡಿಗೆ ಬಂದವರು ಅದನ್ನು ನೋಡಿ ನಗುತ್ತಾರೆ, ನಗಲಿ. ಸಂಘದ ಸ್ಮರಣ ಸಂಚಿಕೆ, ಮದುವೆ ಕಾಗದ, ಭಜನಾ ಮಂಡಳಿಯ ಕರಪತ್ರ, ಶನಿಪೂಜೆಯ ಆಮಂತ್ರಣ ಎಲ್ಲ ಹೊರಡುವುದು ಅದರಿಂದಲೇ.

ಹೊಸದರ ರುಚಿ ನೋಡದೆ ಹೀಗೆ ಕೂತವನಲ್ಲ ನಾನು. 2017ರಲ್ಲಿ ಎಲ್ಲರ ಮಾತು ಕೇಳಿ ಪುಟವಿನ್ಯಾಸದ ಒಂದು ಹೊಸ ಪ್ರೋಗ್ರಾಂ ತೆಗೆದುಕೊಂಡೆ. ತೆಗೆದುಕೊಂಡೆ ಎನ್ನುವುದೂ ತಪ್ಪೇ, ಅದು ತಿಂಗಳ ಬಾಡಿಗೆ. ಕಂಪನಿಯ ಹೆಸರು ಬೇಡ. ಮರುವರ್ಷ ಡಿಸೆಂಬರಿನಲ್ಲಿ ಒಂದು ಸಂಘದ ವಾರ್ಷಿಕೋತ್ಸವ ಬಂತು. 148 ಪುಟದ ಸಂಚಿಕೆ, ಅದರಲ್ಲಿ ಅರ್ಧಕ್ಕರ್ಧ ಹೋಟೆಲಿನವರ ಜಾಹೀರಾತು. ಭಾನುವಾರ ಸಂಜೆ ಬಿಡುಗಡೆ. ಗುರುವಾರ ರಾತ್ರಿ ಕೊನೆಯ ಪ್ರೂಫ್ ಓದಿ, ಅಧ್ಯಕ್ಷರ ಕೈಲಿ ಪುಟಪುಟಕ್ಕೂ ಸೈನ್ ಹಾಕಿಸಿ ಮನೆಗೆ ಹೋದೆ. ಕಂಪ್ಯೂಟರ್ ಆಫ್ ಮಾಡಲಿಲ್ಲ.

ಬೆಳಿಗ್ಗೆ ಬರುವಷ್ಟರಲ್ಲಿ ಪ್ರೋಗ್ರಾಂ ತನ್ನಷ್ಟಕ್ಕೆ ಹೊಸ ಆವೃತ್ತಿಗೆ ಹಾರಿತ್ತು. ಫೈಲ್ ತೆರೆದಾಗ ಅದನ್ನೂ ಹೊಸದಕ್ಕೆ ಬದಲಿಸುತ್ತೇನೆ ಎಂದೇನೋ ಕೇಳಿತು, ಓಕೆ ಒತ್ತಿದೆ. ಆ ಗಡಿಬಿಡಿಯಲ್ಲಿ ಯಾರು ಓದುತ್ತಾರೆ? ಪಿಡಿಎಫ್ ಮಾಡಿ ಲೋವರ್ ಪರೇಲಿನ ಆಫ್‌ಸೆಟ್ ಪ್ರೆಸ್ಸಿಗೆ ಕಳಿಸಿ ಚಹಾ ಕುಡಿಯುತ್ತ ಕೂತಿದ್ದೆ. ಪ್ರೆಸ್ಸಿನ ಫೋರ್‌ಮನ್ ಫೋನ್ ಬಂತು. ಮರಾಠಿಯವನು, ಕನ್ನಡದ ಒಂದಕ್ಷರ ಬಾರದು. ಆದರೂ ಇಪ್ಪತ್ತು ವರ್ಷ ಕನ್ನಡದ ಪುಟ ನೋಡಿದ ಕಣ್ಣು. ‘ಸಾಹೇಬ್, 61ನೇ ಪುಟದ ಕೊನೆಯಲ್ಲಿ ಪೂರ್ಣವಿರಾಮವೇ ಇಲ್ಲವಲ್ಲ?’ ಎಂದ.

ಸೈನ್ ಆದ ಪ್ರೂಫನ್ನು ಪರದೆಯ ಪಕ್ಕ ಹಿಡಿದು ನೋಡಿದೆ. ಹೊಸ ಆವೃತ್ತಿ ಸಾಲು ಮುರಿಯುವ ರೀತಿಯನ್ನು ಕೂದಲೆಳೆಯಷ್ಟು ಬದಲಿಸಿತ್ತು. ಒಂದು ಸಾಲಿನಲ್ಲಿ ಕೂತಿದ್ದ ಪದ ಕೆಳಗಿಳಿದು, ಅದರ ಕೆಳಗಿನದು ಇನ್ನೂ ಕೆಳಗಿಳಿದು, ಲೇಖನ ಮುಗಿಯುವ ಹೊತ್ತಿಗೆ ಎರಡು ಸಾಲು ಪುಟದಲ್ಲಿ ಅಕ್ಷರ ಕೂರುವ ಪೆಟ್ಟಿಗೆಯಿಂದ ಹೊರಗುಳಿದಿದ್ದವು. ಅವು ಅಚ್ಚಿನಲ್ಲಿ ಬರುವುದೇ ಇಲ್ಲ. ಆ ಎರಡು ಸಾಲಿನಲ್ಲಿ ಇದ್ದದ್ದು ಸಭಾಭವನಕ್ಕೆ ದೇಣಿಗೆ ಕೊಟ್ಟವರ ಹೆಸರು! ಅಧ್ಯಕ್ಷರಿಗೆ ತಿಳಿಸಿದಾಗ, ‘ಏನು ಮಾರಾಯ್ರೆ, ನಾನು ಸೈನ್ ಹಾಕಿದ್ದು ಯಾವುದಕ್ಕೆ ಹಾಗಾದ್ರೆ?’ ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಹಿಂದಕ್ಕೆ ಹೋಗೋಣವೆಂದರೆ ಹೊಸದರಲ್ಲಿ ಸೇವ್ ಆದ ಫೈಲನ್ನು ಹಳೆಯ ಆವೃತ್ತಿ ಮೂಸಿಯೂ ನೋಡದು. ಶುಕ್ರವಾರ ಹಗಲೂ ರಾತ್ರಿ ನಾನು, ನನ್ನ ಹೆಂಡತಿ, ಅಂಗಡಿಯ ಹುಡುಗ ಮೂವರೂ ಕೂತು 148 ಪುಟವನ್ನು ಪ್ರೂಫಿನ ಪಕ್ಕ ಇಟ್ಟು ಸಾಲುಸಾಲಾಗಿ ತಾಳೆ ನೋಡಿದೆವು. ಭಾನುವಾರ ವೇದಿಕೆಗೆ ಹೋದ ಪುಸ್ತಕದ ಬೆನ್ನಿನ ಗೋಂದು ಇನ್ನೂ ಒಣಗಿರಲಿಲ್ಲ. ಅತಿಥಿಗಳ ಬೆರಳಿಗೆ ಅಂಟಿತಂತೆ.

ಆಮೇಲೆ ಸಮಾಧಾನದಲ್ಲಿ ಕೂತು ಆ ಅಪ್‌ಡೇಟಿನಲ್ಲಿ ಏನೇನು ಹೊಸತು ಎಂದು ಓದಿದೆ. ಸ್ವಾಗತದ ಪರದೆ, ಕ್ಲೌಡಿನಲ್ಲಿ ಇಡುವ ಸೌಲಭ್ಯ, ಹಂಚಿಕೊಳ್ಳುವ ಗುಂಡಿ, ಕಲಿಸಿಕೊಡುವ ವಿಡಿಯೊಗಳು. ನಾನು ದಿನವೂ ಒತ್ತುತ್ತಿದ್ದ ಒಂದು ಗುಂಡಿ ಮಾತ್ರ ಎರಡು ಮೆನು ಒಳಗೆ ಹೋಗಿ ಕೂತಿತ್ತು.

ಪುಣೆಯ ಹಿಂಜವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿಕೊಂಡೆ. ಅವನು ನಕ್ಕ. ‘ಮಾವ, ಬಾಡಿಗೆ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆ ಏನಾದರೂ ಹೊಸತು ತೋರಿಸಲೇಬೇಕಲ್ಲ. ಮೊದಲಾದರೆ ಹೊಸತು ಚೆನ್ನಾಗಿಲ್ಲದಿದ್ದರೆ ನೀವು ಕೊಳ್ಳುತ್ತಿರಲಿಲ್ಲ, ಈಗ ನಿಮ್ಮನ್ನು ಕೇಳುವವರು ಯಾರು?’ ಎಂದ. ಈಗಿನ ಎಷ್ಟೋ ಪ್ರೋಗ್ರಾಂಗಳು ತಮ್ಮ ಹೊಟ್ಟೆಯೊಳಗೆ ಒಂದೊಂದು ಇಡೀ ಬ್ರೌಸರನ್ನೇ ಹೊತ್ತುಕೊಂಡು ಬರುತ್ತವಂತೆ. ಒಮ್ಮೆ ಬರೆದರೆ ವಿಂಡೋಸ್, ಮ್ಯಾಕ್ ಎಲ್ಲ ಕಡೆ ಓಡುತ್ತದೆ, ಬರೆಯುವವರಿಗೆ ಸುಲಭ. ಹೊರುವುದು ನಮ್ಮ ರ್‍ಯಾಮ್. ಯಂತ್ರಗಳು ವೇಗವಾಗುವುದಕ್ಕಿಂತ ಜೋರಾಗಿ ಸಾಫ್ಟ್‌ವೇರ್ ನಿಧಾನವಾಗುತ್ತಿದೆ ಎಂದು ಪ್ಯಾಸ್ಕಲ್ ಭಾಷೆ ರೂಪಿಸಿದ ನಿಕ್ಲಾಸ್ ವಿರ್ತ್ 1995ರಲ್ಲೇ ಬರೆದಿದ್ದರಂತೆ. ಆ ವರ್ಷ ನಾನು ಫೋರ್ಟಿನ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಬಿಟ್ಟು ಮೌಸ್ ಹಿಡಿಯುವುದನ್ನು ಕಲಿಯುತ್ತಿದ್ದೆ.

ಅಲ್ಲಿ ಕಲಿತದ್ದೇ ಪೇಜ್‌ಮೇಕರ್. 1985ರಲ್ಲಿ ಆಲ್ಡಸ್ ಎಂಬ ಕಂಪನಿ ಅದನ್ನು ಮೊದಲು ಮ್ಯಾಕಿಗೆ ತಂದದ್ದು, 1994ರಲ್ಲಿ ಆಲ್ಡಸ್ ಅಡೋಬಿಯ ಪಾಲಾಯಿತು. 2001ರಲ್ಲಿ ಬಂದ 7ನೇ ಆವೃತ್ತಿಯೇ ಕಡೆಯದು, ಆಮೇಲೆ ಬಂದದ್ದು ಸಣ್ಣಪುಟ್ಟ ರಿಪೇರಿ ಮಾತ್ರ. 7.0.2 ಹಾಕಿಕೊಂಡದ್ದೇ ನಾನು ಅದಕ್ಕೆ ಮಾಡಿದ ಕೊನೆಯ ಅಪ್‌ಡೇಟ್. ಅದು ಬೆಳೆಯುವುದನ್ನು ನಿಲ್ಲಿಸಿದ್ದು ನನಗೆ ಒಳ್ಳೆಯದೇ ಆಯಿತು. ಕಂಟ್ರೋಲ್ ಇ ಒತ್ತಿದರೆ ಅಂದೂ ಪಠ್ಯ ತಿದ್ದುವ ಸ್ಟೋರಿ ಎಡಿಟರ್ ತೆರೆಯುತ್ತಿತ್ತು, ಇಂದೂ ಅದೇ. ಹೊಗಳುತ್ತ ಕೂರುವುದಕ್ಕೂ ಮಿತಿ ಇದೆ ಬಿಡಿ: ಅದರಲ್ಲಿ ಅನ್‌ಡೂ ಇರುವುದು ಒಂದೇ ಒಂದು ಸಲ. ಎರಡು ತಪ್ಪು ಮಾಡಿದರೆ ಮೊದಲಿನದು ನಿಮ್ಮ ಹಣೆಬರಹ. ಸೇವ್ ಒತ್ತಿದಷ್ಟೂ ಫೈಲ್ ಊದುತ್ತ ಹೋಗುತ್ತದೆ, ದಿನದ ಕೊನೆಗೆ ಸೇವ್ ಆ್ಯಸ್ ಕೊಟ್ಟರೆ ಇಳಿಯುತ್ತದೆ. ಈ ಕಾಯಿಲೆಗಳು ನನಗೆ ಗೊತ್ತಿವೆ, ಮತ್ತು ರಾತ್ರಿ ಬೆಳಗಾಗುವುದರೊಳಗೆ ಹೊಸ ಕಾಯಿಲೆ ಬರುವುದಿಲ್ಲ.

ಹಳೆಯದಕ್ಕೆ ಮರಳಲು ಹಳೆಯ ಯಂತ್ರವೂ ಬೇಕಾಯಿತು, ಯಾಕೆಂದರೆ ನನ್ನ ಶ್ರೀಲಿಪಿಯ ಲಾಕ್, ಅಂದರೆ ಸಿಕ್ಕಿಸದಿದ್ದರೆ ಪ್ರೋಗ್ರಾಂ ಓಡದ ಪುಟ್ಟ ಬೀಗ, ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಕಾಲದ್ದು. ಈಗಿನ ಕಂಪ್ಯೂಟರುಗಳಲ್ಲಿ ಆ ಪೋರ್ಟ್ ಎಲ್ಲಿ? ಲ್ಯಾಮಿಂಗ್ಟನ್ ರೋಡಿಗೆ ಮೂರು ಶನಿವಾರ ಅಲೆದೆ. ಹೊಸ ಲ್ಯಾಪ್‌ಟಾಪಿನ ಬೋರ್ಡುಗಳ ಕೆಳಗೆ, ಮೆಟ್ಟಿಲ ಸಂದಿಯಲ್ಲಿ ಹಳೇ ಸಾಮಾನು ರಾಶಿ ಹಾಕಿಕೊಂಡವರು ಈಗಲೂ ಇದ್ದಾರೆ. ಒಂದೇ ಮಾದರಿಯ ಎರಡು ಪೆಂಟಿಯಂ 4 ತಂದೆ, ಒಂದು ಓಡಿಸಲು, ಇನ್ನೊಂದು ಬಿಚ್ಚಿ ಭಾಗ ತೆಗೆಯಲು. ಖರೀದಿಸುವಾಗ ನಾನು ನೋಡಿದ್ದು ಬೋರ್ಡಿನ ಮೇಲಿನ ಕೆಪಾಸಿಟರುಗಳ ತಲೆ. ಚಪ್ಪಟೆ ಇದ್ದರೆ ಸರಿ, ಉಬ್ಬಿದ್ದರೆ ಮುಟ್ಟಬೇಡಿ.

ಪೇಜ್‌ಮೇಕರಿನ ಸಿಡಿಗಳು ನನ್ನಲ್ಲೇ ಇದ್ದವು. ಮೊದಮೊದಲು ಎಲ್ಲರಂತೆ ನಾನೂ ಕಾಪಿ ಹಾಕಿಕೊಂಡವನೇ, ಸುಳ್ಳು ಯಾಕೆ? ಆಮೇಲೆ ಪೆಟ್ಟಿಗೆ ಸಮೇತ ಅಸಲಿಯದನ್ನು ಕೊಂಡಿದ್ದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನಮ್ಮ ಅಂಗಡಿಯಲ್ಲಿ ಸೊಂಟಮಟ್ಟ ನೀರು. ಕಂಪ್ಯೂಟರ್, ಕಾಗದದ ರಿಮ್ಮುಗಳು, ಲೆಕ್ಕದ ಪುಸ್ತಕ ಎಲ್ಲ ಹೋದವು. ದೇವರ ಪಟದ ಪಕ್ಕದ ಮೇಲಿನ ಹಲಗೆಯಲ್ಲಿದ್ದ ಸಿಡಿ ಡಬ್ಬ ಉಳಿಯಿತು. ಸೀರಿಯಲ್ ನಂಬರ್ ಹಾಕಿದರೆ ಸಾಕು, ಎಲ್ಲಿಯೋ ಇರುವ ಸರ್ವರಿನ ಅಪ್ಪಣೆ ಬೇಕಿಲ್ಲದ ಕಾಲದ ಪ್ರೋಗ್ರಾಂ ಅದು. ಈಗ ಡಿಸ್ಕಿನಲ್ಲೂ ಪೆನ್ ಡ್ರೈವಿನಲ್ಲೂ ಅದರ ನಕಲು ಇಟ್ಟಿದ್ದೇನೆ, ಸೀರಿಯಲ್ ನಂಬರನ್ನು ಡಬ್ಬದ ಒಳಮುಚ್ಚಳಕ್ಕೆ ಅಂಟಿಸಿದ್ದೇನೆ.

ಟೇಪಿನ ವಿಷಯಕ್ಕೆ ಬರುತ್ತೇನೆ. ಎಕ್ಸ್‌ಪಿಗೆ ಭದ್ರತೆಯ ರಿಪೇರಿ ಕಳಿಸುವುದು 2014ರ ಏಪ್ರಿಲ್ 8ಕ್ಕೆ ನಿಂತಿತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ ಹಬ್ಬಿದಾಗ ಯಾರೂ ಏನೂ ಒತ್ತಬೇಕಾಗಿರಲಿಲ್ಲ, ನೆಟ್‌ವರ್ಕಿನಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಹರಿಯಿತು. ಹಳೆಯದೇ ಚೆಂದ ಎಂದು ಎಕ್ಸ್‌ಪಿಯಲ್ಲಿ ಬ್ಯಾಂಕಿನ ಕೆಲಸ ಮಾಡುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಬ್ರೌಸರು, ವಿಂಡೋಸು, ಫೋನು ಇವಕ್ಕೆ ಭದ್ರತೆಯ ಅಪ್‌ಡೇಟ್ ಬಂದ ದಿನವೇ ಹಾಕುತ್ತೇನೆ. ಹಳೇ ಯಂತ್ರದ ವ್ಯವಹಾರವೆಲ್ಲ ಒಂದು ಕೆಂಪು ಪೆನ್ ಡ್ರೈವಿನಲ್ಲಿ. ಅದನ್ನು ಮೊದಲು ಹೊಸ ಕಂಪ್ಯೂಟರಿನಲ್ಲಿ ವೈರಸ್ ಇದೆಯೇ ನೋಡಿ, ಆಮೇಲೆ ಹಳೆಯದಕ್ಕೆ. ಗಿರಾಕಿಯ ಪೆನ್ ಡ್ರೈವ್ ಅದಕ್ಕೆ ಸೋಕಲೂ ಬಿಡುವುದಿಲ್ಲ. ಪುಟ ಮುಗಿದ ಮೇಲೆ ಕಾಗದದ ಬದಲು ಪೋಸ್ಟ್‌ಸ್ಕ್ರಿಪ್ಟ್ ಎಂಬ ಅಚ್ಚಿನ ಫೈಲಿಗೆ ಪ್ರಿಂಟ್ ಕೊಟ್ಟು, ಅದನ್ನು ಪಿಡಿಎಫ್ ಮಾಡುವ ಡಿಸ್ಟಿಲರಿನಲ್ಲಿ ಫಾಂಟ್ ಸಮೇತ ಪಿಡಿಎಫ್ ಇಳಿಸುತ್ತೇನೆ. ಪ್ರೆಸ್ಸಿನವನಿಗೆ ಬೇಕಾದದ್ದು ಅಷ್ಟೇ. ಅದು ಯಾವ ಇಸವಿಯ ಪ್ರೋಗ್ರಾಮಿನಿಂದ ಬಂತು ಎಂದು ಅವನು ಇದುವರೆಗೆ ಕೇಳಿಲ್ಲ.

ಒಂದು ಕಡೆ ಮಾತ್ರ ನಾನು ಸೋತಿದ್ದೇನೆ, ಅದು ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವಂತೆ ಪ್ರತಿ ಲಿಪಿಯ ಅಕ್ಷರಕ್ಕೂ ಒಂದೊಂದು ಸಂಕೇತ ಕೊಡುವ ಪದ್ಧತಿ. ಪೇಜ್‌ಮೇಕರಿಗೆ ಯುನಿಕೋಡ್ ಗೊತ್ತಿಲ್ಲ. ನುಡಿಯ ಹಳೇ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿ ಫಾಂಟ್ ಬದಲಿಸಿ ನೋಡಿ: ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡಿನ ಗುರುತು, ಆಮೇಲೊಂದು ಕ್ಯೂ. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕಸ. ಮೊದಲು ಬರಹಗಾರರು ಕೈಬರಹ ಕೊಡುತ್ತಿದ್ದರು, ಟೈಪ್ ಮಾಡಿದರಾಯಿತು. ಈಗ ಎಲ್ಲ ಬರುವುದು ವಾಟ್ಸ್‌ಆ್ಯಪಿನಲ್ಲಿ, ಯುನಿಕೋಡಿನಲ್ಲಿ. ಹೊಸ ಕಂಪ್ಯೂಟರಿನಲ್ಲಿ ಅದನ್ನು ಲಿಬ್ರೆಆಫೀಸಿಗೆ ಹಾಕಿ ತಿದ್ದಿ, ಪರಿವರ್ತಕದಲ್ಲಿ ನುಡಿಗೆ ಇಳಿಸಿ, ಕೆಂಪು ಪೆನ್ ಡ್ರೈವಿನಲ್ಲಿ ಸಾಗಿಸಬೇಕು. ಅಷ್ಟರಲ್ಲಿ ಅರ್ಕಾವತ್ತು ಎಲ್ಲಾದರೂ ಜಾರಿರುತ್ತದೆ, ಏಕೆಂದರೆ ಯುನಿಕೋಡಿನಲ್ಲಿ ಅದು ಅಕ್ಷರಕ್ಕೆ ಮೊದಲು ಬರುತ್ತದೆ, ನುಡಿಯಲ್ಲಿ ಆಮೇಲೆ. ಇಂಗ್ಲಿಷ್ ಪದವಿದ್ದರೆ ಅದೂ ಕನ್ನಡದ ವೇಷ ಹಾಕುತ್ತದೆ. ಒಮ್ಮೆ ಚೆಂಬೂರಿನ ಹೋಟೆಲೊಂದರ ಜಾಹೀರಾತಿನಲ್ಲಿ ಇಮೇಲ್ ವಿಳಾಸ ಪೂರ್ತಿ ಒತ್ತಕ್ಷರಗಳ ಮುದ್ದೆಯಾಗಿ ಅಚ್ಚಾಯಿತು. ಧಣಿಗಳು ಬೇಜಾರು ಮಾಡಿಕೊಳ್ಳಲಿಲ್ಲ, ‘ಇಮೇಲ್ ಯಾರು ಮಾಡ್ತಾರೆ, ಫೋನ್ ನಂಬರ್ ಸರಿ ಉಂಟಲ್ಲ’ ಎಂದರು.

ಕಳೆದ ವರ್ಷ ಸಂಶೋಧನೆ ಮಾಡುವ ಹುಡುಗಿಯೊಬ್ಬಳು 1998ರ ಒಂದು ಸಂಚಿಕೆಯ ಲೇಖನ ಕೇಳಿಕೊಂಡು ಬಂದಳು. ಫೈಲ್ ಪೇಜ್‌ಮೇಕರ್ 6.5ರದು, 7ರಲ್ಲಿ ಸಲೀಸಾಗಿ ತೆರೆಯಿತು, ಚಿತ್ರ ಸಮೇತ. ಆದರೆ ಅವಳಿಗೆ ಹುಡುಕಲು ಬರುವಂಥ ಪಠ್ಯ ಬೇಕಿತ್ತು. ಪರಿವರ್ತಿಸಿ, ಅರ್ಕಾವತ್ತುಗಳನ್ನು ಒಂದೊಂದಾಗಿ ತಿದ್ದಿ ಕೊಡಲು ಎರಡು ದಿನ ಹಿಡಿಯಿತು. ಅಂದಿನಿಂದ ಪುಸ್ತಕದ ಕೆಲಸ, ಅಂದರೆ ನಾಳೆ ಯಾರಾದರೂ ಹುಡುಕಬಹುದಾದ್ದನ್ನು, ಯುನಿಕೋಡಿನಲ್ಲಿ ಹೊಸ ಪ್ರೋಗ್ರಾಮಿನಲ್ಲೇ ಮಾಡುತ್ತೇನೆ. ಅದಕ್ಕೂ ನನ್ನ ಕಟ್ಟಳೆ ಇದೆ. ತಾನಾಗಿ ಅಪ್‌ಡೇಟ್ ಆಗುವುದನ್ನು ಬಂದ್ ಮಾಡಿದ್ದೇನೆ, ಇನ್‌ಸ್ಟಾಲ್ ಮಾಡುವ ಫೈಲನ್ನು ಬೇರೆ ಡಿಸ್ಕಿನಲ್ಲಿ ಇಟ್ಟಿದ್ದೇನೆ. ಪ್ರತಿ ಜಾಬ್ ಕವರಿನ ಮೇಲೆ ಪೆನ್ಸಿಲಿನಲ್ಲಿ ಸೈಜು, ಫಾಂಟ್, ಪ್ರೋಗ್ರಾಂ ಆವೃತ್ತಿ ಬರೆಯುತ್ತೇನೆ: ‘ಡೆಮಿ 1/8, ನುಡಿ, ಪಿಎಂ 7’. ಕವರ್ ಮುಗಿದು ಕಪಾಟಿಗೆ ಹೋಗುವ ತನಕ ಆ ಯಂತ್ರದಲ್ಲಿ ಭದ್ರತೆಯದನ್ನು ಬಿಟ್ಟು ಬೇರೇನನ್ನೂ ಬದಲಿಸುವಂತಿಲ್ಲ. ಸೆಪ್ಟೆಂಬರಿನಿಂದ ಜನವರಿವರೆಗೆ ಸಂಘಗಳ ಸೀಸನ್, ಕವರ್ ಒಂದರ ಹಿಂದೆ ಒಂದು ಇದ್ದೇ ಇರುತ್ತದೆ. ಹಾಗಾಗಿ ಉಳಿದ ಅಪ್‌ಡೇಟೆಲ್ಲ ಮಳೆಗಾಲಕ್ಕೆ.

ಈ ಮಳೆಗಾಲದಲ್ಲಿ ಹಳೇ ಪೆಂಟಿಯಂನ ಹಾರ್ಡ್ ಡಿಸ್ಕ್ ಕಿರುಗುಟ್ಟಲು ಶುರು ಮಾಡಿತು. ಆ ಬಗೆಯ ಅಗಲ ಪಟ್ಟಿ ವೈರಿನ ಡಿಸ್ಕ್ ಹೊಸದು ಈಗ ಸಿಗುವುದಿಲ್ಲ. ಅಕ್ಕನ ಮಗ ಭಾನುವಾರ ಪುಣೆಯಿಂದ ಬರುವಾಗ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಅಡಾಪ್ಟರ್ ತಂದ, ಅದರ ಮೂಲಕ ಹಳೇ ಬೋರ್ಡಿಗೆ ಹೊಸ ಕಾಲದ ಎಸ್‌ಎಸ್‌ಡಿ ಕೂಡಿಸಿದೆವು. ಹಳೆಯ ಡಿಸ್ಕನ್ನು ಹಾಗೆಹಾಗೇ ನಕಲು ಮಾಡಲು ಮಧ್ಯಾಹ್ನದ ಊಟ ಮುಗಿಯುವಷ್ಟು ಹೊತ್ತು ಬೇಕಾಯಿತು. ಗುಂಡಿ ಒತ್ತಿದೆ, ಎಕ್ಸ್‌ಪಿಯ ಹಸಿರು ಗುಡ್ಡ ಬಂತು, ಪೇಜ್‌ಮೇಕರ್ ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ತಾರೀಕು ಮಾತ್ರ 2002ರ ಜನವರಿ 1 ಎಂದು ತೋರಿಸುತ್ತಿತ್ತು. ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿತ್ತು. ಎದುರಿನ ಗಡಿಯಾರದ ಅಂಗಡಿಯಿಂದ ಒಂದು ಸಿಆರ್ 2032 ತಂದು ಹಾಕಿ, ಇಸವಿ ತಿದ್ದಿ, ಗಣಪತಿ ಹಬ್ಬದ ಕರಪತ್ರಕ್ಕೆ ಕೂತೆ.